ಹೊಸ ಹಗ್ಗಕ್ಕೊಂದು ಭಾರ

ಒಗ್ಗರಣೆಯಲ್ಲಿ ಸಾಸಿವೆ ಸಿಡಿಯುವ ತನಕ ಕಾಯಲಾಗದೆ ಕರಿಬೇವು ಎಸೆದುಬಿಡುವವಳು ನಾನು. ನಮ್ಮ ಮನೆಯ ಸಾರಿನಲ್ಲಿ ಸಾಸಿವೆ ಹಲ್ಲಿಗೆ ಸಿಕ್ಕಿ ಕಟುಂ ಎನ್ನುವುದಕ್ಕೆ ಇದೇ ಕಾರಣ. ನನ್ನ ಗಂಡ ಮದುವೆಯಾದ ಹೊಸತರಲ್ಲಿ ಅದು ನಮ್ಮ ತವರಿನ ಪದ್ಧತಿ ಎಂದುಕೊಂಡು ಸುಮ್ಮನೆ ಉಂಡರು. ಈಗ ರೂಢಿಯಾಗಿ, ಬೇರೆಯವರ ಮನೆಯ ಸಾರು ಯಾಕೋ ಸಪ್ಪೆ ಎನ್ನುತ್ತಾರೆ. ಬಸ್ಸು ನಿಲ್ಲುವ ಮೊದಲೇ ನಾನು ಎದ್ದು ಬಾಗಿಲ ಹತ್ತಿರ ನಿಂತಿರುತ್ತೇನೆ. ಫೋನು ಬಂದರೆ ಪಡಸಾಲೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಿತ್ತಲಿಗೆ ನಡೆಯುತ್ತಲೇ ಮಾತಾಡುತ್ತೇನೆ. ಬಳ್ಳಾರಿಯ ಕಂಟೋನ್ಮೆಂಟಿನಲ್ಲಿರುವ ನಮ್ಮ ಬಾಡಿಗೆ ಮನೆ ಬ್ರಿಟಿಷರ ಕಾಲದ್ದು. ಎತ್ತರದ ಸೂರು, ಉದ್ದನೆಯ ವರಾಂಡ. ಮುಂದೊಂದು ದಿನ ನನ್ನಂಥವಳು ಬಂದು ಅಡ್ಡಾಡುತ್ತಾಳೆ ಎಂದು ಯಾವನೋ ದೊರೆಗೆ ಮೊದಲೇ ಗೊತ್ತಾಗಿರಬೇಕು. ಆ ವರಾಂಡದಲ್ಲಿ ನಾನು ಹುಡುಗಿಯರಿಗೆ ಹೊಲಿಗೆ ಕಲಿಸುತ್ತೇನೆ. ಹೊಲಿಗೆ ನನಗೆ ಒಗ್ಗಿ ಬಂದದ್ದೂ ಅದಕ್ಕೇ. ಕೂತಿದ್ದರೂ ಕಾಲು ಆಡುತ್ತಿರುತ್ತದೆ.

'ಆತುರಗಾರನಿಗೆ ಬುದ್ಧಿ ಮಟ್ಟ' ಎಂದು ನನಗೆ ಹೇಳದವರಿಲ್ಲ. 'ತಾಳಿದವನು ಬಾಳಿಯಾನು' ಎಂಬುದನ್ನಂತೂ ನನ್ನ ಶಾಲೆಯ ಮೇಷ್ಟರು ನನ್ನನ್ನೇ ನೋಡುತ್ತ ಹೇಳುತ್ತಿದ್ದರು. ನಾನು ಯೋಚಿಸಿ ನೋಡಿದ್ದೇನೆ. ಗಾದೆಗಳನ್ನು ಕಟ್ಟಿದವರೆಲ್ಲ ಸಾವಧಾನದ ಮಂದಿ. ಆತುರಗಾರರಿಗೆ ಗಾದೆ ಕಟ್ಟುವಷ್ಟು ಪುರುಸೊತ್ತು ಎಲ್ಲಿತ್ತು? ಹೀಗಾಗಿ ನಮ್ಮ ಕಡೆಯ ಮಾತು ಯಾರ ಬಾಯಲ್ಲೂ ಉಳಿಯಲಿಲ್ಲ. ಇವತ್ತು ಸ್ವಲ್ಪ ಹೇಳಿಬಿಡುತ್ತೇನೆ.

ಈ ಬೇಸಿಗೆಯಲ್ಲಿ ನನ್ನ ಚಡಪಡಿಕೆಯೆಲ್ಲ ಒಟ್ಟುಗೂಡಿ ಒಂದೇ ವಸ್ತುವಿನ ಮೇಲೆ ಹೋಗಿ ಕೂತಿತು. ಅದು ನಮ್ಮಣ್ಣನ ಟ್ರ್ಯಾಕ್ಟರಿನ ವಿಂಚಿನ ಹಗ್ಗ. ವಿಂಚು ಎಂದರೆ ಟ್ರ್ಯಾಕ್ಟರಿನ ಬೆನ್ನಿಗೆ ಕೂಡಿಸಿದ ದೊಡ್ಡದೊಂದು ಕಬ್ಬಿಣದ ಉರುಳೆ. ಅದಕ್ಕೆ ಉಕ್ಕಿನ ಹಗ್ಗ ಸುತ್ತಿರುತ್ತದೆ. ಹಗ್ಗದ ತುದಿಯ ಕೊಕ್ಕೆಯನ್ನು ಬಿದ್ದ ಮರಕ್ಕೆ ಸಿಕ್ಕಿಸಿ, ಎಂಜಿನ್ನಿನ ಬಲದಿಂದ ಉರುಳೆ ತಿರುಗಿಸಿದರೆ, ಹತ್ತು ಜನ ಎಳೆದರೂ ಕದಲದ ದಿಮ್ಮಿ ನೆಲ ಗೀರಿಕೊಂಡು ಟ್ರ್ಯಾಕ್ಟರಿನ ಕಡೆ ಬರುತ್ತದೆ. ಬಯಲುಸೀಮೆಯಲ್ಲಿ ದಿಮ್ಮಿ ಎಳೆಯುವ ಯಂತ್ರಕ್ಕೇನು ಕೆಲಸ ಎಂದು ನೀವು ಕೇಳಬಹುದು. ಕಾಡಿಲ್ಲದಿದ್ದರೇನು, ನಮಗೆ ಜಾಲಿಯಿದೆ. ಅದಕ್ಕೆ ನಾಡಿನವರೆಲ್ಲ ಬಳ್ಳಾರಿ ಜಾಲಿ ಎಂದೇ ಕರೆಯುತ್ತಾರೆ. ಬೇರೆ ಊರುಗಳ ಹೆಸರು ಸೀರೆಗೆ, ಬೆಣ್ಣೆಗೆ, ಪೇಡೆಗೆ ಅಂಟಿಕೊಂಡಿದ್ದರೆ ನಮ್ಮೂರಿನ ಹೆಸರು ಮುಳ್ಳಿಗೆ ಅಂಟಿತು. ಎಲ್ಲೋ ದೂರದ ಜಿಲ್ಲೆಯಲ್ಲಿ ಕಾಲಿಗೆ ಮುಳ್ಳು ಚುಚ್ಚಿಕೊಂಡವನು ಬೈಯುವುದೂ ನಮ್ಮೂರನ್ನೇ. ನಮ್ಮಣ್ಣ ವೀರೇಶ ಬಾದನಹಟ್ಟಿಯಲ್ಲಿ ಮೆಣಸಿನಕಾಯಿ, ಹತ್ತಿ ಬೆಳೆಯುತ್ತ, ಬಿಡುವಿನಲ್ಲಿ ಈ ವಿಂಚು ಕಟ್ಟಿಕೊಂಡು ಕಾಲುವೆ ಬದುಗಳ ಜಾಲಿ ಕೀಳುತ್ತಾನೆ. ಕರಿಮಣ್ಣಿನಲ್ಲಿ ಹೂತುಹೋದ ಬೇರೆಯವರ ಟ್ರ್ಯಾಕ್ಟರುಗಳನ್ನೂ ಎಳೆದು ಮೇಲೆ ಹಾಕುತ್ತಾನೆ. ಸಿರುಗುಪ್ಪದ ತನಕ ಅವನಿಗೆ ಕರೆ ಬರುತ್ತದೆ.

ಯುಗಾದಿಗೆ ತವರಿಗೆ ಹೋದಾಗ ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ನಂದಿಯ ದೊಡ್ಡದೊಂದು ಸ್ಟಿಕರ್ ಕಂಡಿತು. ಅಣ್ಣನಿಗೆ ಅಂಥ ಅಲಂಕಾರದ ಹುಚ್ಚಿಲ್ಲ. ಸುಮ್ಮನಿರಲಾಗದೆ ಉಗುರಿನಿಂದ ಅದರ ಮೂಲೆ ಕೆರೆದೆ. ಒಳಗೆ ತಗಡು ಸೀಳಿತ್ತು. ಯಾರೋ ಕೊಡಲಿಯಿಂದ ಹೊಡೆದ ಹಾಗೆ.

"ಏನಿಲ್ಲ ಬಿಡಲೇ," ಎಂದ ಅಣ್ಣ. "ಜಾಲಿ ಬೊಡ್ಡಿ ಎಳೀವಾಗ ಹಗ್ಗದ್ದು ಒಂದು ಎಳಿ ಹರೀತು. ಬೀಸಿ ಬಂದು ಬಡೀತು."

"ಆವಾಗ ನೀ ಎಲ್ಲಿದ್ದಿ?"

"ಸೀಟಿನ ಮ್ಯಾಲೇ ಇದ್ದೆ. ಬೀಡಿ ಹಚ್ಚಾಕ ತಲಿ ಬಗ್ಗಿಸಿದ್ದೆ. ಬೀಡಿ ಬಿಡು, ಬೀಡಿ ಬಿಡು ಅಂತಿದ್ದಿಯಲ್ಲ, ನೋಡು ಈಗ." ನಕ್ಕ. ಆಮೇಲೆ ದನಿ ತಗ್ಗಿಸಿ, "ನಿಮ್ಮತ್ತಿಗಿ ಮುಂದ ಅನ್ನಬ್ಯಾಡ ಮತ್ತ," ಎಂದ.

ಅಲ್ಲಿಗೆ ನನ್ನ ನೆಮ್ಮದಿ ಮುಗಿಯಿತು. ಗುಟ್ಟು ಎಂಬುದು ಸಾವಧಾನದವರ ಹೊಟ್ಟೆಯಲ್ಲಿ ಕಲ್ಲಿನಂತೆ ತಳಕ್ಕೆ ಇಳಿಯುತ್ತದೆ. ನನ್ನಂಥವರ ಹೊಟ್ಟೆಯಲ್ಲಿ ಅದು ತಿರುಗುತ್ತಲೇ ಇರುತ್ತದೆ. ಹಗ್ಗವನ್ನು ಹಾವೆಂದು ಭ್ರಮಿಸಿ ಹೆದರುವುದು ವೇದಾಂತದವರ ಹಳೆಯ ಉದಾಹರಣೆ. ದೀಪ ತಂದು ನೋಡಿದರೆ ಅದು ಬರೀ ಹಗ್ಗ; ಜ್ಞಾನವಾಯಿತು, ಭಯ ಹೋಯಿತು ಎನ್ನುತ್ತಾರೆ. ಅವರು ವಿಂಚಿನ ಹಗ್ಗ ನೋಡಿರಲಿಲ್ಲ. ನಾನು ಹತ್ತಿರ ಹೋಗಿ ಕಣ್ಣರಳಿಸಿ ನೋಡಿದೆ. ಎಳೆಗಳು ಅಲ್ಲಲ್ಲಿ ಹರಿದು ಮುಳ್ಳಿನ ಹಾಗೆ ಹೊರಗೆ ಚಾಚಿದ್ದವು. ಅದು ಹಾವಲ್ಲ, ಹಗ್ಗವೇ ಎಂದು ಖಾತ್ರಿಯಾಯಿತು. ನನ್ನ ಭಯ ಶುರುವಾದದ್ದೇ ಆಗ.

ಬಳ್ಳಾರಿಗೆ ಬಂದಮೇಲೆ ದಿನಾ ಫೋನು ಮಾಡಿದೆ. ಹಗ್ಗ ಬದಲಿಸಿದೆಯಾ? ಬದಲಿಸ್ತೀನಿ. ಯಾವಾಗ? ಮೆಣಸಿನಕಾಯಿ ಮುಗೀಲಿ. ಮೆಣಸಿನಕಾಯಿ ಮುಗಿಯಿತಲ್ಲ? ಹತ್ತಿ ಕಡ್ಡಿ ಕೀಳೂದೈತಿ. ಅಣ್ಣ ಕೆಟ್ಟವನಲ್ಲ, ಸೋಮಾರಿಯೂ ಅಲ್ಲ. ಹಳೆಯ ಹಗ್ಗದ ಸ್ವಭಾವ ಅವನ ಕೈಗೆ ಗೊತ್ತಿತ್ತು, ಅಷ್ಟೇ. "ಹೊಸ ಹಗ್ಗ ಅಂದ್ರ ಹೊಸ ಎತ್ತು ಇದ್ದಂಗ. ಪಳಗಿಸಾಕ ಟೈಮ್ ಬೇಕು," ಎನ್ನುತ್ತಿದ್ದ. ಅಷ್ಟರಲ್ಲಿ ಅವನು ಕೆಂಚನಗುಡ್ಡದಲ್ಲಿ ಒಂದು ಕೆಲಸ ಒಪ್ಪಿಕೊಂಡ ಸುದ್ದಿ ಬಂತು. ಹೋದ ಮಳೆಗಾಲದಲ್ಲಿ ಹೊಳೆದಂಡೆಯ ಭಾರಿ ಹುಣಸೆಮರವೊಂದು ಬುಡಸಮೇತ ಉರುಳಿ ಇಳಿಜಾರಿನಲ್ಲಿ ಮಲಗಿತ್ತಂತೆ. ತುಂಗಭದ್ರೆ ಏರುವುದರೊಳಗೆ ಅದನ್ನು ಮೇಲಕ್ಕೆ ಎಳೆಯಬೇಕು. ಜಾಲಿ ಬೊಡ್ಡೆಗೇ ಎಳೆ ಹರಿದುಕೊಂಡ ಹಗ್ಗ, ಹುಣಸೆಯ ದಿಮ್ಮಿಯನ್ನು ದಂಡೆ ಹತ್ತಿಸುತ್ತದೆಯೇ? ಪ್ರತಿ ಸಲವೂ ಬೀಡಿ ಹಚ್ಚುವ ಹೊತ್ತಿಗೇ ಸರಿಯಾಗಿ ಹರಿಯಬೇಕೆಂದು ಹಗ್ಗಕ್ಕೇನು ಕರಾರಿದೆಯೇ?

ಇದೇ ಹೊತ್ತಿಗೆ ಅತ್ತಿಗೆಯ ಫೋನು ಬಂತು. "ಗಿರಿಜಾ, ಮಾವಿನಕಾಯಿ ಬಂದಾವ. ಉಪ್ಪಿನಕಾಯಿ ಹಾಕೂನು, ಬಾ."

ನಾನು ಅಣ್ಣನನ್ನು ಕೇಳಲಿಲ್ಲ. ನೆಟ್ಟಗೆ ಬೆಂಗಳೂರು ರೋಡಿಗೆ ಹೋಗಿ, ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ, ಯುಗಾದಿಯ ದಿನವೇ ಟೇಪಿನಿಂದ ಅಳೆದುಕೊಂಡು ಬಂದಿದ್ದ ದಪ್ಪ ಹೇಳಿ ಉಕ್ಕಿನ ಹಗ್ಗ ಕೊಡಿ ಎಂದೆ. ಸೊಂಟದಳತೆ ತೆಗೆಯುವ ಟೇಪಿನಲ್ಲಿ ಹಗ್ಗ ಅಳೆದವರು ಬೇರೆ ಯಾರೂ ಇರಲಿಕ್ಕಿಲ್ಲ.

"ಯಾರಿಗೆ ಮೇಡಂ?" ಎಂದ ಅಂಗಡಿಯವನು.

"ನಮ್ಮಣ್ಣನಿಗೆ."

ಅವನು ನನ್ನನ್ನೂ ಹಗ್ಗವನ್ನೂ ನೋಡಿದ. "ಅಂಥಾದ್ದೇನು ಮಾಡ್ಯಾನ್ರೀ ಪಾಪ, ನಿಮ್ಮಣ್ಣ?"

ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ಆದರೂ ಅವನು ಹಗ್ಗ ಕತ್ತರಿಸಿದ ರೀತಿ ನನಗೆ ಬಹಳ ಹಿಡಿಸಿತು. ಕತ್ತರಿಸುವ ಜಾಗದ ಎರಡೂ ಬದಿಗೆ ಮೊದಲು ತೆಳು ತಂತಿ ಬಿಗಿಯಾಗಿ ಸುತ್ತಿದ, ಆಮೇಲೆ ನಡುವೆ ಕೊಯ್ದ. ಇಲ್ಲದಿದ್ದರೆ ಎಳೆಗಳೆಲ್ಲ ಬಿಚ್ಚಿಕೊಳ್ಳುತ್ತವೆಯಂತೆ. ನಾವು ಬಟ್ಟೆಯ ಅಂಚು ಹರಿಯದಿರಲೆಂದು ಮೊದಲು ಮಡಿಚಿ ಹೊಲಿಗೆ ಹಾಕುವುದಿಲ್ಲವೇ, ಅದೇ ಲೆಕ್ಕ. ಕುರುಗೋಡು ಮೇಲೆ ಹೋಗುವ ಬಸ್ಸಿನಲ್ಲಿ ಆ ಸುರುಳಿಯನ್ನು ಕಾಲಡಿ ಇಟ್ಟುಕೊಂಡು ಕೂತೆ. ಕುರುಗೋಡಿನ ಬಂಡೆಗುಡ್ಡಗಳು ಬಂದಾಗಲೇ ಎದ್ದು ನಿಂತದ್ದಕ್ಕೆ ಕಂಡಕ್ಟರ್, "ಬಾದನಹಟ್ಟಿ ಇನ್ನಾ ದೂರೈತಿ, ಕುಂದ್ರಮ್ಮಾ, ನಿಂತ್ರ ಬಸ್ಸೇನು ಜೋರು ಓಡಂಗಿಲ್ಲ," ಎಂದ.

ಹೊಸ ಹಗ್ಗ ಕಂಡು ಅಣ್ಣ ಸಿಟ್ಟಾಗಲೂ ಇಲ್ಲ, ಸಂತೋಷಪಡಲೂ ಇಲ್ಲ. "ತಂದಿ, ಆತು ಬಿಡು," ಎಂದ. ಹಿಗ್ಗಿದವನು ನಮ್ಮ ದೊಡ್ಡಪ್ಪ. ನಮ್ಮ ಅಪ್ಪನ ಅಣ್ಣ, ಎಂಬತ್ತು ದಾಟಿದೆ, ಹರೆಯವನ್ನೆಲ್ಲ ಹಗ್ಗ ಹೊಸೆಯುವುದರಲ್ಲೇ ಕಳೆದವನು. ಪುಂಡಿ ಗಿಡದ ಕಡ್ಡಿಗಳನ್ನು ನೀರಲ್ಲಿ ಕೊಳೆಹಾಕಿ, ನಾರು ಬಿಡಿಸಿ, ಒಣಗಿಸಿ, ಬಯಲಿನ ಈ ತುದಿಯಿಂದ ಆ ತುದಿಗೆ ಹುರಿ ಹಾಕುತ್ತಿದ್ದ. ಅವನ ಬಾಯಲ್ಲಿ ಹಗ್ಗಕ್ಕೆ ಹಗ್ಗ ಎಂಬ ಒಂದೇ ಹೆಸರಿಲ್ಲ. ಕರು ಕಟ್ಟಲು ಕಣ್ಣಿ, ಎತ್ತಿನ ಮೂಗಿಗೆ ಮೂಗುದಾರ, ಸಾಲಾಗಿ ದನ ಕಟ್ಟಲು ದಾವಣಿ, ಭಾರದ ಕೆಲಸಕ್ಕೆ ಮಿಣಿ. ನಮ್ಮ ಹಿರಿಯರು ಹಗ್ಗಕ್ಕೆ ಇಷ್ಟೊಂದು ಹೆಸರಿಟ್ಟದ್ದು ಪಾಂಡಿತ್ಯಕ್ಕಲ್ಲ. ಹೊತ್ತಿಲ್ಲದ ಹೊತ್ತಿನಲ್ಲಿ 'ಹಗ್ಗ ತಾ' ಎಂದರೆ ಯಾವುದು ತರಬೇಕೆಂದು ತಿಳಿಯಬೇಕಲ್ಲ, ಅದಕ್ಕೆ. ಈಗ ಎಲ್ಲವೂ ಪ್ಲಾಸ್ಟಿಕ್ಕಾಗಿ ಎಲ್ಲಕ್ಕೂ ಒಂದೇ ಹೆಸರು.

ದೊಡ್ಡಪ್ಪ ಹೊಸ ಹಗ್ಗದ ಕೊಯ್ದ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ಕೂಗಿದ.

"ತಾಯೀ, ನೋಡಿಲ್ಲಿ! ಒಳಗ ನಾರು ಐತಿ!"

ನೋಡಿದರೆ ನಿಜ. ಸುತ್ತಲೂ ಉಕ್ಕಿನ ಎಳೆಗಳು, ನಟ್ಟನಡುವೆ ಕಂದುಬಣ್ಣದ ನಾರಿನ ಹುರಿ. ಉಕ್ಕಿನ ಹಗ್ಗಕ್ಕೂ ನಾರಿನ ಬೆನ್ನೆಲುಬು ಬೇಕೆಂದು ನನಗಾಗಲಿ ಅಣ್ಣನಿಗಾಗಲಿ ಗೊತ್ತಿರಲಿಲ್ಲ. ದೊಡ್ಡಪ್ಪನ ಮುಖ ನೋಡಬೇಕಿತ್ತು. ಇಷ್ಟು ವರ್ಷ ಈ ಕಬ್ಬಿಣದ ಹಗ್ಗ ತನ್ನ ಅನ್ನ ಕಸಿದುಕೊಂಡಿತು ಎಂದು ಅದರ ಮೇಲೆ ಮುನಿದಿದ್ದವನು, ಈಗ ಅದನ್ನು ದೂರದ ನೆಂಟನ ಹಾಗೆ ಸವರುತ್ತಿದ್ದ.

ಎಡವಟ್ಟಾದದ್ದು ಆ ನೆಂಟಸ್ತಿಕೆಯಿಂದಲೇ. ಮಧ್ಯಾಹ್ನ ಉಂಡು ಎಲ್ಲರೂ ಅಡ್ಡಾಗಿದ್ದೆವು. ಅಂದರೆ ಅವರು ಅಡ್ಡಾಗಿದ್ದರು, ನಾನು ಅತ್ತಿಗೆಯ ಸೀರೆಗಳಿಗೆಲ್ಲ ಫಾಲ್ ಹಚ್ಚುತ್ತಿದ್ದೆ. ಬಿಸಿಲು ಇಳಿದ ಮೇಲೆ ಎಮ್ಮೆ ಒದರತೊಡಗಿತು. ಅತ್ತಿಗೆ ಹೋಗಿ ನೋಡಿದರೆ, ಎದುರಿಗೆ ತುಂಬಿದ ಕಲ್ಲಿನ ಬಾನಿಯಿದ್ದರೂ ಎಮ್ಮೆ ನೀರು ಮೂಸಿ ಮೂಸಿ ಮುಖ ತಿರುಗಿಸುತ್ತಿದೆ. ನೀರಿನ ಮೇಲೆ ಬಣ್ಣಬಣ್ಣದ ಎಣ್ಣೆ ತೇಲುತ್ತಿತ್ತು. ಬಾನಿಯ ತಳದಲ್ಲಿ ನಾನು ಬಳ್ಳಾರಿಯಿಂದ ತಂದ ಹಗ್ಗ ಸುಖವಾಗಿ ಮಲಗಿತ್ತು.

ನಾರಿನ ಹೊಸ ಹಗ್ಗವನ್ನು ಬಳಸುವ ಮೊದಲು ನೀರಲ್ಲಿ ನೆನೆಸಿ, ಎರಡು ಮರಗಳ ನಡುವೆ ಎಳೆದು ಕಟ್ಟಿ, ಅದರ ಸೆಡವು ಬಿಡಿಸುವುದು ನಮ್ಮ ಮನೆಯ ವಾಡಿಕೆ. ಹಾಗೆ ನೆನೆಸದ ಹಗ್ಗ ಈ ಮನೆಯಲ್ಲಿ ಎಂದೂ ಬಳಕೆಯಾಗಿರಲಿಲ್ಲ. ದೊಡ್ಡಪ್ಪ ಯಾರಿಗೂ ತೊಂದರೆ ಕೊಡದೆ ಆ ಶಾಸ್ತ್ರ ಮುಗಿಸಿದ್ದ. "ಒಳಗ ನಾರು ಐತಲ್ಲ," ಎಂದ, ನಾವೆಲ್ಲ ಬಾನಿಯ ಸುತ್ತ ನಿಂತಿದ್ದಾಗ. "ನೀರು ಕುಡೀದ ಹಗ್ಗ ಮಾತು ಕೇಳಂಗಿಲ್ಲ." ಆ ನಾರಿರುವುದು ಎಣ್ಣೆ ಹಿಡಿದಿಟ್ಟುಕೊಂಡು ಒಳಗಿನಿಂದ ಉಕ್ಕಿಗೆ ಉಣಿಸುವುದಕ್ಕೆ, ನೀರು ಹೊಕ್ಕರೆ ತುಕ್ಕು ಒಳಗಿನಿಂದಲೇ ಹತ್ತುತ್ತದೆ ಎಂದು ನಮಗೆ ಗೊತ್ತಾದದ್ದು ಅಂಗಡಿಯವನಿಗೆ ಫೋನು ಮಾಡಿದ ಮೇಲೆ. ಅವನು ಮೊದಲು ಮನಸಾರೆ ನಕ್ಕ. ಆಮೇಲೆ, ಕಡು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಎಣ್ಣೆ ಉಣಿಸಿದರೆ ಏನೂ ಆಗುವುದಿಲ್ಲ ಎಂದ. ಬಿಸಿಲಿಗೆ ನಮ್ಮಲ್ಲಿ ಬರವೇ?

ಅಣ್ಣ ದೊಡ್ಡಪ್ಪನಿಗೆ ಒಂದು ಮಾತೂ ಅನ್ನಲಿಲ್ಲ. ಅನ್ನಬೇಕಾದದ್ದನ್ನೆಲ್ಲ ನನ್ನ ಕಡೆ ತಿರುಗಿ ಅಂದ. "ಅವಸರ ಮಾಡಿ ತಂದಿ. ಈಗ ಒಂದು ದಿನ ಹೋತು. ಗುರುವಾರ ಬರ್ತೀನಂತ ಕೆಂಚನಗುಡ್ಡದಾಗ ಮಾತು ಕೊಟ್ಟೀನಿ. ಆಗಲಿಲ್ಲಂದ್ರ ಹಳೇದಾ ಕಟ್ಕಂಡು ಹೋಗಾಂವ."

ಇದಕ್ಕಿಂತ ಕೆಟ್ಟ ಮಾತು ನನ್ನ ಕಿವಿಗೆ ಬೀಳುವಂತಿರಲಿಲ್ಲ. ಮರುದಿನವಿಡೀ ಕಣದ ಉದ್ದಕ್ಕೂ ಹಗ್ಗ ಬಿಸಿಲಿಗೆ ಮಲಗಿತ್ತು, ನಾನು ಅದರ ಪಕ್ಕದಲ್ಲಿ ಮೇಲಕ್ಕೂ ಕೆಳಕ್ಕೂ ಅಡ್ಡಾಡಿದೆ. ಹಪ್ಪಳ ಒಣಹಾಕಿದವರು ಕಾಗೆ ಕಾಯುವ ಹಾಗೆ. ದಾರಿಹೋಕರು ಏನು ಎತ್ತ ಎಂದು ಕೇಳಿದರು. ಹಗ್ಗ ಒಣಗಿಸುತ್ತಿದ್ದೇವೆ ಎಂದರೆ ಇನ್ನೂ ಒಂದು ಸಲ ನನ್ನ ಮುಖ ನೋಡಿ ಮುಂದೆ ಹೋದರು. ಗಂಟೆಗೊಮ್ಮೆ ತುದಿ ಮುಟ್ಟಿ ನೋಡುತ್ತಿದ್ದೆ. ಬೆರಳು ಸುಟ್ಟುಕೊಂಡೆನೇ ಹೊರತು ಒಳಗಿನ ನಾರು ಒಣಗಿತೋ ಇಲ್ಲವೋ ತಿಳಿಯಲಿಲ್ಲ.

ಸಂಜೆ ಅತ್ತಿಗೆಯೂ ನಾನೂ ಎಣ್ಣೆಯಲ್ಲಿ ಅದ್ದಿದ ಗೋಣಿತಾಟು ಹಿಡಿದು, ಅದರೊಳಗಿಂದ ಹಗ್ಗವನ್ನು ಮೊಳಮೊಳವಾಗಿ ಹಾಯಿಸುತ್ತ ಕೂತೆವು. ಅತ್ತಿಗೆ ಶರಣಮ್ಮ ಮಾತು ಕಡಿಮೆಯವಳು. ಅವಳ ಎದುರು ಗುಟ್ಟು ಇಟ್ಟುಕೊಂಡು ಕೂರುವುದು ನನಗೆ ಬೆಂಕಿಯ ಮೇಲೆ ಕೂತ ಹಾಗಿತ್ತು. ಬೇರೆ ಏನಾದರೂ ಮಾತಾಡೋಣವೆಂದು, "ಅತ್ತಿಗಿ, ಮಾವಿನಕಾಯಿ ಎಲ್ಲಿ ಇಟ್ಟೀದಿ? ಕೆಡ್ತಾವಲ್ಲ," ಎಂದೆ.

"ಮಾವಿನಕಾಯಿ ಎಲ್ಲೈತಿ? ಈ ವರ್ಷ ಗಿಡಾ ಕಾಯೇ ಬಿಟ್ಟಿಲ್ಲ."

ನಾನು ಗೋಣಿತಾಟು ಬಿಟ್ಟೆ.

"ಸ್ಟಿಕರ್ ಹಿಂದ ಏನೈತಂತ ನನಗ ಗೊತ್ತಿಲ್ಲಂತ ಮಾಡೀರೇನು ಅಣ್ಣಾ ತಂಗಿ?" ಎಂದಳು ಅತ್ತಿಗೆ, ಹಗ್ಗದ ಮೇಲಿನ ಕಣ್ಣು ತೆಗೆಯದೆ. "ಆ ಟ್ರ್ಯಾಕ್ಟರ್ ತೊಳಿಯಾಕಿ ನಾನಾ."

"ಮತ್ತ ನೀ ಯಾಕ ಕೇಳಲಿಲ್ಲ?"

"ನಾ ಕೇಳಿದ್ರ ಜಗಳ ಆಕ್ಕತಿ. ಜಗಳ ಆದ್ರ ನಿಮ್ಮಣ್ಣ ಹಠ ಹಿಡೀತಾರ. ಹಠ ಹಿಡದ್ರಂದ್ರ ಆ ಹಗ್ಗ ಪೂರಾ ಹರಿಯಾತನ ಬಿಡಂಗಿಲ್ಲ. ನೀ ಬಂದ್ರ ಯಾರನ್ನೂ ಕುಂದ್ರಾಕ ಬಿಡಂಗಿಲ್ಲ. ಅದಕ್ಕ ಕರಸಿದೆ." ಗೋಣಿತಾಟನ್ನು ಮತ್ತೆ ಎಣ್ಣೆಗೆ ಅದ್ದುತ್ತ ಹೇಳಿದಳು. "ಅವರು ಕೆಲಸಕ್ಕ ಹೋದ ದಿನ ನನಗ ಗಂಟಲಾಗ ಕೂಳು ಇಳಿಯಂಗಿಲ್ಲ ಗಿರಿಜಾ. ಟ್ರ್ಯಾಕ್ಟರ್ ಸಪ್ಪಳ ಓಣಿಗೆ ಬರಾತನ."

ಊರೆಲ್ಲ ಹಂಗಿಸುವ ನನ್ನ ಚಡಪಡಿಕೆಯನ್ನು ಈ ಹೆಂಗಸು ವಿಂಚಿನ ಹಾಗೆಯೇ ಬೇಕಾದಾಗ ಕರೆಸಿಕೊಂಡು ಕೆಲಸಕ್ಕೆ ಹಚ್ಚಿದ್ದಳು. ನನಗೆ ಒಂದು ಕಡೆ ಹೆಮ್ಮೆ, ಇನ್ನೊಂದು ಕಡೆ ಅವಮಾನ. ಎಲ್ಲಕ್ಕಿಂತ ಹೆಚ್ಚಾಗಿ ಸಂಕಟವಾಯಿತು. ನಾನು ಅಡ್ಡಾಡಿಯಾದರೂ ನನ್ನ ದಿಗಿಲನ್ನು ಹೊರಗೆ ಹಾಕುತ್ತೇನೆ. ಇವಳು ಅದೇ ದಿಗಿಲನ್ನು ಇಟ್ಟುಕೊಂಡು ರೊಟ್ಟಿ ಬಡಿದಿದ್ದಾಳೆ, ಎಮ್ಮೆ ಹಿಂಡಿದ್ದಾಳೆ, ಸೀಳಿದ ತಗಡನ್ನು ದಿನಾ ತೊಳೆದು ಮೇಲೆ ಸ್ಟಿಕರ್ ಸರಿಯಾಗಿ ಒತ್ತಿದ್ದಾಳೆ. ಎಣ್ಣೆಕೈಯಲ್ಲೇ ಅವಳ ಕೈ ಹಿಡಿದುಕೊಂಡೆ. "ಸೀರಿಗೆ ಹತ್ತೀತು," ಎಂದು ಬಿಡಿಸಿಕೊಂಡಳು.

ಬುಧವಾರ ಬೆಳಿಗ್ಗೆ ಹಳೆಯ ಹಗ್ಗ ಬಿಚ್ಚಿ ಹೊಸದನ್ನು ಸುತ್ತಲು ನಿಂತೆವು. ನನ್ನ ವರಾತದ ನಡುವೆ ಅಣ್ಣ ಹೊಸ ಹಗ್ಗದ ತುದಿಯನ್ನು ಉರುಳೆಗೆ ಬಿಗಿದು, ಎಂಜಿನ್ ಹಚ್ಚಿ, ನೆಲದ ಮೇಲೆ ಬಿದ್ದಿದ್ದ ಹಗ್ಗವನ್ನು ಹಾಗೆಯೇ ಸರಸರ ಒಳಕ್ಕೆ ಎಳೆದುಕೊಂಡ. ಊಟದ ಹೊತ್ತಿಗೆಲ್ಲ ಆಗಿಹೋಯಿತು ಎಂದು ಬೀಗಿದೆ. ಬದುವಿನ ಒಂದು ಜಾಲಿ ಬೊಡ್ಡೆಗೆ ಕೊಕ್ಕೆ ಹಾಕಿ ಎಳೆದು ನೋಡಿದ. ಒಮ್ಮೆ ಜಗ್ಗಿತು, ಕಿರ್ರೆಂದಿತು, ಹಗ್ಗ ಹಿಂದಕ್ಕೂ ಇಲ್ಲ ಮುಂದಕ್ಕೂ ಇಲ್ಲ. ಭಾರ ಬಿದ್ದ ಕೂಡಲೆ ಮೇಲಿನ ಸುತ್ತು ಕೆಳಗಿನ ಸಡಿಲ ಸುತ್ತುಗಳ ನಡುವೆ ಹೂತುಕೊಂಡು ಕಚ್ಚಿಬಿಟ್ಟಿತ್ತು. ಇದೇ ಕೆಂಚನಗುಡ್ಡದ ಇಳಿಜಾರಿನಲ್ಲಿ ಹುಣಸೆಮರ ಅರ್ಧ ಹತ್ತಿದಾಗ ಆಗಿದ್ದರೆ?

ಅದನ್ನು ನೋಡುತ್ತ ನಿಂತವಳಿಗೆ ನಾಚಿಕೆಯಿಂದ ಮೈ ಬಿಸಿಯಾಯಿತು. ಹೊಲಿಗೆ ಮಿಷನ್ನಿನ ಬಾಬಿನ್! ಎಳೆತವಿಲ್ಲದೆ ಬಾಬಿನ್ ಸುತ್ತಿದರೆ ದಾರ ಸಡಿಲವಾಗಿ, ಹೊಲಿಯುವಾಗ ಎಳೆ ಎಳೆಯೊಳಗೆ ಹೂತು ಗಂಟು ಬೀಳುತ್ತದೆ. ನನ್ನ ವರಾಂಡಕ್ಕೆ ಬರುವ ಹುಡುಗಿಯರಿಗೆ ನಾನು ಮೊದಲ ದಿನ ಹೇಳಿಕೊಡುವ ಪಾಠವೇ ಇದು. "ಅಣ್ಣಾ, ಬಿಗಿಯಾಗಿ ಸುತ್ತಬೇಕು. ಆ ತುದೀಗೆ ಭಾರ ಇರಬೇಕು, ಸುತ್ತಿದಂಗ ಸುತ್ತಿದಂಗ ಎಳಕಂಡು ಬರಬೇಕು," ಎಂದೆ.

"ನಾರಿನ ಹಗ್ಗಾನೂ ಹಂಗಾ ಹೊಸೆಯೂದು," ಎಂದ ದೊಡ್ಡಪ್ಪ ಕಟ್ಟೆಯ ಮೇಲಿಂದ. ಬಾನಿಯ ಪ್ರಕರಣದ ಮೇಲೆ ಅವನು ಆಡಿದ ಮೊದಲ ಮಾತು ಅದು.

ಹಗ್ಗವನ್ನೆಲ್ಲ ಮತ್ತೆ ಬಿಚ್ಚಿದೆವು. ಭಾರಕ್ಕೆ ಏನು? ಹೊಲ ಸಮ ಮಾಡುವ ಮರದ ಹಲಗೆ ತಂದು ಹಗ್ಗದ ತುದಿಗೆ ಕಟ್ಟಿ ಅದರ ಮೇಲೆ ಕಲ್ಲು ಹೇರಿದೆವು. ಮಣ್ಣಿನ ಹೆಂಟೆ ಸಿಕ್ಕಲ್ಲೆಲ್ಲ ಹಲಗೆ ಹಾರಿ ಕಲ್ಲು ಉರುಳಿದವು. ಉರುಳಿದಾಗಲೆಲ್ಲ ಹಗ್ಗ ಸಡಿಲ. ಅದರ ಮೇಲೆ ಮನುಷ್ಯರೇ ನಿಲ್ಲಬೇಕು, ಎತ್ತು ಹೂಡಿದಾಗ ನಿಲ್ಲುವ ಹಾಗೆ. ದೊಡ್ಡಪ್ಪ ಆಗಲೇ ಪಂಚೆ ಎತ್ತಿ ಕಟ್ಟಿದ್ದ.

"ಮಾವಾರ, ನೀವು ಸುಮ್ಕ ಕುಂದ್ರಿರಿ," ಎಂದಳು ಅತ್ತಿಗೆ. "ಬಿದ್ರ ನಿಮ್ಮನ್ನ ಎತ್ಕಂಡು ದವಾಖಾನಿಗೆ ಓಡಾಕ ನನ್ನ ಕೈಲಿ ಆಗಂಗಿಲ್ಲ." ಅವಳು ನಿಲ್ಲೋಣವೆಂದರೆ ಕಡ್ಡಿಯಂಥ ಹೆಂಗಸು, ಹಲಗೆಗೆ ಗೊತ್ತೂ ಆಗುವುದಿಲ್ಲ. ಅಣ್ಣ ಉರುಳೆಯ ಕಡೆ ನೋಡಬೇಕು. ಎಲ್ಲರೂ ನನ್ನ ಕಡೆ ತಿರುಗಿದರು.

"ನೀ ನಿಂದ್ರು," ಎಂದ ಅಣ್ಣ. "ನಿನ್ನಷ್ಟು ತೂಕ ಈ ಮನ್ಯಾಗ ಯಾರಿಗೂ ಇಲ್ಲ."

ಹೊಗಳಿಕೆಯನ್ನು ಸಿಕ್ಕ ರೂಪದಲ್ಲಿ ಸ್ವೀಕರಿಸಬೇಕು. ಸೆರಗು ಬಿಗಿದು, ಹಲಗೆಗೆ ಕಟ್ಟಿದ ಹಿಡಿಹಗ್ಗ ಹಿಡಿದು ನಿಂತೆ. ದೂರದಲ್ಲಿ ಎಂಜಿನ್ ಗುಡುಗಿತು, ಹಗ್ಗ ನೆಲದಿಂದ ಮೇಲೆದ್ದು ಬಿಗಿಯಾಯಿತು, ಹಲಗೆ ಮೆಲ್ಲಗೆ ಕದಲಿತು. ಹುಟ್ಟಿದಾಗಿನಿಂದ ನನ್ನನ್ನು ನಾನೇ ಎಳೆದುಕೊಂಡು ತಿರುಗಿದವಳು ಮೊದಲ ಸಲ ಏನೂ ಮಾಡದೆ ಮುಂದೆ ಸಾಗುತ್ತಿದ್ದೆ. ಬಸವನಹುಳುವಿನ ವೇಗ. ಒಂದು ಕಾಲು ಬದಲಿಸಿದೆ.

"ಅಲುಗಾಡಬ್ಯಾಡಲೇ! ಸುತ್ತು ತಪ್ಪತೈತಿ!" ಎಂದು ಅಣ್ಣ ಕೂಗಿದ.

ನಿಂತೆ. ಮೂಗಿನ ಮೇಲೆ ನೊಣ ಕೂತಿತು. ಅದೂ ಅಲ್ಲೇ ಇರಲಿ ಎಂದು ಬಿಟ್ಟೆ. ಜಗತ್ತಿನಲ್ಲಿ ಇಂಥದೊಂದು ಕೆಲಸವಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಓಡುವುದಲ್ಲ, ಒತ್ತಾಯಿಸುವುದಲ್ಲ, ಫೋನು ಮಾಡುವುದಲ್ಲ. ಇನ್ನೊಬ್ಬರ ಹಗ್ಗದ ತುದಿಯಲ್ಲಿ ಭಾರವಾಗಿ ನಿಲ್ಲುವುದು. ನಾನು ಹಗುರಾದರೆ ಅಲ್ಲಿ ಸುತ್ತು ಸಡಿಲ, ನಾಳೆ ಅಣ್ಣನ ತಲೆಯ ಹತ್ತಿರ ಅಪಾಯ. ಅತ್ತಿಗೆ ಇಷ್ಟು ವರ್ಷ ಅಡುಗೆಮನೆಯಲ್ಲಿ ನಿಂತು ಇದೇ ಕೆಲಸ ಮಾಡುತ್ತಿದ್ದಳೇನೋ. ನಾನು ಅದನ್ನು ಸುಮ್ಮನಿರುವುದು ಎಂದುಕೊಂಡಿದ್ದೆ. ಹಲಗೆ ಟ್ರ್ಯಾಕ್ಟರಿಗೆ ಬಡಿಯದಿರಲೆಂದು ಇನ್ನೂ ಸ್ವಲ್ಪ ದೂರವಿರುವಾಗಲೇ ಅಣ್ಣ ಎಂಜಿನ್ ನಿಲ್ಲಿಸಿ, ಉರುಳೆಯ ಮೇಲೆ ಸಾಲುಸಾಲಾಗಿ ಕೂತಿದ್ದ ಹಗ್ಗವನ್ನು ಬಗ್ಗಿ ನೋಡಿ ತಲೆಯಾಡಿಸಿದ. ಅವನ ಬಾಯಿಂದ ಅದಕ್ಕಿಂತ ಹೆಚ್ಚಿನದು ಬರುವುದಿಲ್ಲ.

ಇಷ್ಟಕ್ಕೇ ನಾನು ಶಾಂತಮೂರ್ತಿಯಾದೆ ಎಂದು ತಿಳಿಯಬೇಡಿ. ಅಂದು ಸಂಜೆಯ ಬಸ್ಸಿಗೇ ಬಳ್ಳಾರಿಗೆ ಮರಳಿದೆ. ಗುರುವಾರ ಬೆಳಗಾಯಿತು, ಅಣ್ಣ ಕೆಂಚನಗುಡ್ಡಕ್ಕೆ ಹೊರಟ. ನನ್ನ ಗ್ರಹಚಾರ ಶುರುವಾಯಿತು. ಹೊಳೆದಂಡೆಯಲ್ಲಿ ಫೋನು ಹತ್ತಲಿಲ್ಲ. ಒಂದು ಕುಪ್ಪಸಕ್ಕೆ ಎಡತೋಳನ್ನು ಬಲಕ್ಕೆ ಹಚ್ಚಿದೆ. ಬಿಚ್ಚಿ, ಬಲತೋಳನ್ನು ತಿರುಗುಮುರುಗು ಹಚ್ಚಿದೆ. ಹುಡುಗಿಯರು ಪರಸ್ಪರ ಮುಖ ನೋಡಿಕೊಂಡು ಬೇಗ ಮನೆಗೆ ಹೋದರು. "ಹೊಸ ಹಗ್ಗ ತಾನೆ, ಇನ್ನೇನು ಭಯ?" ಎಂದರು ನನ್ನ ಗಂಡ. ಹೊಸದು ಎಂಬುದೇ ಭಯ. ಹಳೆಯದು ಎಲ್ಲಿ ಹರಿದೀತೆಂದು ಕಣ್ಣಿಗಾದರೂ ಕಾಣುತ್ತಿತ್ತು. ಈ ಹಗ್ಗ ಆರಿಸಿದವಳು ನಾನು, ಹೊತ್ತು ತಂದವಳು ನಾನು. ನೀರು ಕುಡಿದ ಹಗ್ಗವನ್ನು ಒಣಗಿದೆ, ಸಾಕು ಎಂದವಳೂ ನಾನೇ. ಒಳಗಿನ ನಾರು ನಿಜಕ್ಕೂ ಒಣಗಿತ್ತೇ? ಹಳೆಯ ಹಗ್ಗದಲ್ಲಿ ಏನಾದರೂ ಆದರೆ ಅದು ಅಣ್ಣನ ಹಠ. ಹೊಸದರಲ್ಲಿ ಆದರೆ ಅದು ನನ್ನದು. ದಂಡೆಯ ಇಳಿಜಾರು, ಹುಣಸೆಯ ಬುಡದ ಹಸಿ ಮಣ್ಣು, ಬಿಗಿದ ಹಗ್ಗ, ಅದರ ನೇರಕ್ಕೆ ಅಣ್ಣನ ತಲೆ. ವರಾಂಡದ ಉದ್ದಕ್ಕೂ ಇದನ್ನೇ ನೋಡುತ್ತ ನಡೆದೆ.

ದೀಪ ಹಚ್ಚುವ ಹೊತ್ತಿಗೆ ಫೋನು ಬಂತು. ಅತ್ತಿಗೆ.

"ಗಿರಿಜಾ, ನಿಮ್ಮಣ್ಣ ಉಣ್ಣಾಕ ಕುಂತಾರ."

ಏನಾದರೂ ಕೇಳಬೇಕಲ್ಲ ಎಂದು, "ಮರ ಬಂತೇನು?" ಎಂದೆ.

"ಮರದ ಸುದ್ದಿ ನಾ ಕೇಳಿಲ್ಲವ್ವ. ಇನ್ನೊಂದು ರೊಟ್ಟಿ ಬೇಕಂತ. ಇಡ್ತೀನಿ, ಹಂಚಿನ ಮ್ಯಾಲೆ ಬಿಟ್ಟು ಬಂದೀನಿ."

ಮರ ದಂಡೆ ಹತ್ತಿತ್ತು ಎಂದು ತಿಳಿದದ್ದು ಮರುದಿನ. ಅದು ಅಷ್ಟು ಮುಖ್ಯವೂ ಆಗಿರಲಿಲ್ಲ. ಕೆಲಸಕ್ಕೆ ಹೋದ ಮನುಷ್ಯ ಸಂಜೆ ಮನೆಗೆ ಬಂದು ಕೈಕಾಲು ತೊಳೆದು ಇನ್ನೊಂದು ರೊಟ್ಟಿ ಕೇಳಿದ ಎಂಬುದನ್ನು ಯಾವ ಪತ್ರಿಕೆಯವರೂ ಬರೆಯುವುದಿಲ್ಲ. ಬರೆಯಬೇಕೆಂದೂ ಇಲ್ಲ. ತಿಳಿಯಬೇಕಾದವರಿಗೆ ತಿಳಿದರೆ ಸಾಕು. ಜೀವಮಾನದಲ್ಲಿ ಒಂದು ರೊಟ್ಟಿಯನ್ನೂ ಸೀಯಲು ಬಿಡದ ನನ್ನ ಅತ್ತಿಗೆ, ಅಂದು ಒಂದನ್ನು ಹಂಚಿನ ಮೇಲೆ ಬಿಟ್ಟು ನನಗೆ ಹೇಳಲು ಓಡಿ ಬಂದಿದ್ದಳು.